ಪಾವ್: ರೊಟ್ಟಿಯೋ, ಕಾಲುಭಾಗವೋ, ಕಾಲೋ, ಹಾವೋ?

ಕಾಂದಿವಲಿ ಕನ್ನಡ ತರಗತಿ

ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಕೊಡಲು ಒಂದು ಅಭ್ಯಾಸದ ಹಾಳೆ ತಯಾರಾಗುತ್ತಿದೆ. ವಿಷಯ: ಕಿವಿಗೆ ಒಂದೇ, ಅರ್ಥ ಬೇರೆ ಬೇರೆ. ಮೊದಲನೆಯದೇ ‘ಪಾವ್’. ವಡಾಪಾವ್, ಪಾವ್ ಕಿಲೊ, ಹಿಂದಿಯ ಪಾಂವ್ ಅಂದರೆ ಕಾಲು, ನಮ್ಮ ಸೇರು-ಪಾವು, ಹಳಗನ್ನಡದ ಪಾವು ಅಂದರೆ ಹಾವು, ಮರಾಠಿಯ ‘ದೇವ ಪಾವಲಾ’ ಅಂದರೆ ದೇವರು ಒಲಿದ, ಕೊನೆಗೆ ಪಾವತಿ. ಇವುಗಳಲ್ಲಿ ಯಾವುದಕ್ಕೆ ಯಾವುದು ನೆಂಟ, ಯಾವುದು ಬರೀ ದಾರಿಹೋಕ?

ಇನ್ನೊಂದು. ರೊಟ್ಟಿಗೆ ಪಾವ್ ಎಂಬ ಹೆಸರು ಬಂದದ್ದಕ್ಕೆ ಮೂರು ಕಾರಣ ಹೇಳುತ್ತಾರೆ. ಹಿಟ್ಟನ್ನು ಕಾಲಿನಿಂದ ತುಳಿಯುತ್ತಿದ್ದರು ಅಂತ ಒಂದು, ನಾಲ್ಕು ಭಾಗ ಮಾಡಿ ಮಾರುತ್ತಿದ್ದರು ಅಂತ ಇನ್ನೊಂದು, ಪೋರ್ಚುಗೀಸ್ ಪದ ಅಂತ ಮತ್ತೊಂದು. ಹಾಳೆಯಲ್ಲಿ ಯಾವುದನ್ನು ಹಾಕೋಣ?

ನಿಘಂಟುಪ್ರಿಯ, ಮುಲುಂಡ್

ರೊಟ್ಟಿಯ ಪಾವ್ ಪೋರ್ಚುಗೀಸ್. ಅನುಮಾನ ಬೇಡ. ಲ್ಯಾಟಿನ್‌ನಲ್ಲಿ ರೊಟ್ಟಿಗೆ ‘ಪಾನಿಸ್’. ಪೋರ್ಚುಗೀಸ್‌ಗೆ ಬರುವಾಗ ನಡುವಿನ ‘ನ’ ಕರಗಿ ಹೋಗಿ, ಅದರ ಗುರುತಾಗಿ ಮೂಗಿನ ಉಚ್ಚಾರ ಮಾತ್ರ ಉಳಿಯಿತು. ಹೆಚ್ಚುಕಡಿಮೆ ‘ಪಾಂವ್’ ಅಂತ ಕೇಳಿಸುತ್ತದೆ. ಗೋವಾ 1510ರಿಂದ, ವಸಯಿ 1534ರಿಂದ ಅವರ ಕೈಯಲ್ಲಿತ್ತು. ಪೋರ್ಚುಗೀಸರು ವ್ಯಾಪಾರ ಮಾಡಿದ ಬೇರೆ ಕಡೆಗಳಲ್ಲೂ ಇದೇ ಪದ ಸಿಗುತ್ತದೆ: ಬಂಗಾಳಿಯಲ್ಲಿ ‘ಪಾಉರುಟಿ’, ಸಿಂಹಳದಲ್ಲಿ ‘ಪಾನ್’, ಜಪಾನಿನಲ್ಲೂ ‘ಪಾನ್’.

ಕಾಲಿನ ಕಥೆ ಏಕೆ ನಿಲ್ಲುವುದಿಲ್ಲ ಅಂದರೆ, ಪಾವ್ ರೊಟ್ಟಿ ಬೇರೂರಿದ್ದು ಕೊಂಕಣಿ, ಮರಾಠಿ ಆಡುವ ಕರಾವಳಿಯಲ್ಲಿ. ಅಲ್ಲಿ ಕಾಲಿಗೆ ‘ಪಾಂಯ್’, ‘ಪಾಯ್’ ಅನ್ನುತ್ತಾರೆ. ‘ಪಾಂವ್’ ಅಂದರೆ ಕಾಲು ಎಂಬುದು ಹಿಂದಿಯ ಮಾತು. ಹಿಂದಿ ಗೊತ್ತಿದ್ದವರು ಕಟ್ಟಿದ ಕಥೆಯಂತೆ ಕಾಣುತ್ತದೆ. ನಾಲ್ಕು ಭಾಗದ ಕಥೆಯೂ ಅಷ್ಟೆ. ಮುಂಬಯಿಯ ಲಾದಿಯಲ್ಲಿ, ಅಂದರೆ ಒಟ್ಟಿಗೆ ಸುಟ್ಟ ಪಾವ್ ಸಾಲಿನಲ್ಲಿ, ಅಂಟಿಕೊಂಡಿರುವ ಪಾವ್‌ಗಳು ನಾಲ್ಕೇ ಇರಬೇಕೆಂದೇನೂ ಇಲ್ಲ. ಗೋವಾದಲ್ಲಿ ಬಿಡಿಬಿಡಿಯಾಗಿ ಸುಟ್ಟ ರೊಟ್ಟಿಗೂ ಪಾವ್ ಎಂದೇ ಹೆಸರು. ಯಾವುದರ ಕಾಲುಭಾಗ ಅದು?

ಹುಬ್ಬಳ್ಳಿ ಟು ಹಡಪ್ಸರ್

ರೊಟ್ಟಿದು ಒಪ್ಪಿದೆ ರಿ. ಆದರ ಕಾಲುಭಾಗದ ಪಾವ್ ಮತ್ತ ಹಿಂದಿಯ ಕಾಲು ಪಾಂವ್, ಇವೆರಡನ್ನ ಬೇರೆ ಬೇರೆ ಕಾಲಮಿನ್ಯಾಗ ಹಾಕಬ್ಯಾಡ್ರಿ. ಎರಡೂ ಸಂಸ್ಕೃತದ ‘ಪಾದ’. ಪ್ರಾಕೃತದಾಗ ‘ದ’ ಸವೆದು ‘ಪಾಅ’ ಆತು, ಆಮ್ಯಾಲೆ ನಡುವ ವಕಾರ ಬಂದು ‘ಪಾವ’. ಪ್ರಾಣಿಗೆ ನಾಲ್ಕು ಪಾದ, ಅದರಾಗ ಒಂದು ಪಾದ ಅಂದ್ರ ಕಾಲುಭಾಗ. ಶ್ಲೋಕದ ಪಾದಾನೂ ಇದೇ ಲೆಕ್ಕ.

ಕನ್ನಡದಾಗ ನಾವು ಮಾಡೂದೂ ಇದನ್ನ ಅಲ್ಲೇನ್ರಿ? ನಡೆಯೂ ಕಾಲೂ ಕಾಲು, ನಾಲ್ಕನೇ ಒಂದೂ ಕಾಲು. ತಮಿಳಿನಾಗೂ ‘ಕಾಲ್’ಗೆ ಎರಡೂ ಅರ್ಥ ಅದಾವ. ಪದಗಳು ಬ್ಯಾರೆ, ಲೆಕ್ಕ ಒಂದ.

ಈ ‘ಪಾದ’ದಿಂದ ಹುಟ್ಟಿದ ಮರಾಠಿ ಲೆಕ್ಕಾನೂ ಹಾಳ್ಯಾಗ ಸೇರಿಸ್ರಿ, ಪುಣ್ಯಾದಾಗ ದಿನಾ ಬೇಕಾಗತದ. ‘ಪಾಊಣ್’ ಅಂದ್ರ ಪಾದ + ಊನ, ಕಾಲು ಕಡಿಮಿ, ಅಂದ್ರ ಮುಕ್ಕಾಲು. ‘ಸವ್ವಾ’ ಅಂದ್ರ ಸ + ಪಾದ, ಒಂದೂಕಾಲು. ಹಿಂಗಾಗಿ ಪಾವ್ ತಾಸ್ 15 ನಿಮಿಷ, ಪಾಊಣ್ ತಾಸ್ 45 ನಿಮಿಷ. ಪಾಊಣ್‌ಶೆ 75, ಸವ್ವಾಶೆ 125, ಪಾವಣೆದೋನ್‌ಶೆ 175. ಹೊಸದಾಗಿ ಬಂದ ಕನ್ನಡಿಗರು ಎಡವೂದು ‘ಪಾವಣೆಪಾಚ್’ ಅಂದಾಗ. ಪಾವ್ ಕೇಳಸ್ತದ, ಪಾಚ್ ಕೇಳಸ್ತದ, ಐದೂಕಾಲು ಅಂತ ತಿಳಕೋತಾರ. ಅದು ನಾಲ್ಕೂಮುಕ್ಕಾಲು. ಅರ್ಧ ತಾಸು ತಡ ಆಗಿ ಹೋದಂಗ. ಐದೂಕಾಲಿಗೆ ‘ಸವ್ವಾಪಾಚ್’.

ತಿದ್ದುಪಡಿ

ಇನ್ನು ಕನ್ನಡದ ಎರಡು ಪಾವುಗಳು. ಹಾವು ಹಳಗನ್ನಡದಲ್ಲಿ ‘ಪಾವು’. ತಮಿಳಿನ ‘ಪಾಂಬು’, ತೆಲುಗಿನ ‘ಪಾಮು’ ಇದರ ಒಡಹುಟ್ಟುಗಳು. ಅಪ್ಪಟ ದ್ರಾವಿಡ ಪದ. ಸೇರಿನ ಕಾಲುಭಾಗವಾದ ಪಾವು ಮೇಲೆ ಹೇಳಿದ ಪಾದದ ಸಂತತಿ, ಉತ್ತರದಿಂದ ಬಂದದ್ದು.

ಎರಡನ್ನೂ ಬೇರ್ಪಡಿಸಲು ನಿಘಂಟೂ ಬೇಡ, ಮೊದಲ ಅಕ್ಷರ ಸಾಕು. ಕನ್ನಡದಲ್ಲಿ ಪದದ ಮೊದಲಿನ ‘ಪ’ಕಾರ ‘ಹ’ಕಾರವಾಗತೊಡಗಿದ್ದು ಸುಮಾರು 10ನೇ ಶತಮಾನದಿಂದ. 14ನೆಯದರ ಹೊತ್ತಿಗೆ ಅದು ನೆಲೆಯೂರಿತ್ತು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು, ಪತ್ತು ಹತ್ತಾಯಿತು, ಪಾವು ಹಾವಾಯಿತು. ಆಗ ಭಾಷೆಯಲ್ಲಿದ್ದ ಪದ ಈ ಗಾಳಿಗೆ ಸಿಕ್ಕಿತು. ಅಳತೆಯ ಪಾವು ಸಿಗಲಿಲ್ಲ, ಏಕೆಂದರೆ ಅದು ಆಮೇಲೆ ಬಂತು. ರೊಟ್ಟಿಯ ಪಾವ್, ಪಾವತಿ ಇವೂ ತಡವಾಗಿ ಬಂದವು, ಹಾಗಾಗಿ ‘ಪ’ ಉಳಿಸಿಕೊಂಡಿವೆ.

ಈ ಪರೀಕ್ಷೆ ಕೈಕೊಡುವ ಜಾಗವೂ ಇದೆ. ಪಾದ, ಪುಷ್ಪ, ಪತ್ರದಂತಹ ತತ್ಸಮಗಳಿಗೆ ಇದನ್ನು ಹಚ್ಚಬೇಡಿ, ಅವು ಓದುಬರಹದ ಬಲದಿಂದ ಹಾಗೇ ನಿಂತವು. ಪದದ ನಡುವಿನ ಒತ್ತಕ್ಷರಕ್ಕೂ ಹಚ್ಚಬೇಡಿ: ತಪ್ಪು, ಉಪ್ಪು, ಅಪ್ಪ ಬದಲಾಗಲಿಲ್ಲ.

ಒಂದು ಮಜವಾದ ಉದಾಹರಣೆ: ಹಾವುಗೆ, ಅಂದರೆ ಮರದ ಪಾದರಕ್ಷೆ. ಪಾದುಕೆ ತದ್ಭವವಾಗಿ ಪಾವುಗೆ, ಅದು ಹಾವುಗೆ. ಸಂಸ್ಕೃತದಿಂದಲೇ ಬಂದರೂ ಬೇಗ ಬಂದದ್ದರಿಂದ ಹಕಾರ ಹತ್ತಿತು. ಹಾವಿಗೂ ಹಾವುಗೆಗೂ ಸಂಬಂಧವಿಲ್ಲ, ಹಾವುಗೆಗೂ ಪಾವ್ ಕಿಲೊಗೂ ಇದೆ! ದೊಡ್ಡ ಮಕ್ಕಳ ಹಾಳೆಗೆ ಇದನ್ನು ಬಿಡಬೇಡಿ.

ಮಾಟುಂಗಾ ಅಡುಗೆಮನೆ

ಅಳತೆಯ ವಿಷಯ ನಾನು ಹೇಳ್ತೇನೆ, ಯಾಕೆಂದ್ರೆ ಇಲ್ಲಿ ತಪ್ಪಿದ್ರೆ ಅನ್ನ ಕೆಡ್ತದೆ ಮಾರಾಯ್ರೆ.

4 ಚಟಾಕು ಒಂದು ಪಾವು, 4 ಪಾವು ಒಂದು ಸೇರು. ತೂಕದ ಸರಕಾರಿ ಸೇರು 80 ತೊಲ, ಅಂದ್ರೆ ಸುಮಾರು 933 ಗ್ರಾಂ. ಹಾಗಾಗಿ ಹಳೇ ತೂಕದ ಪಾವು 233 ಗ್ರಾಂ, ಚಟಾಕು 58 ಗ್ರಾಂ. ಮೆಟ್ರಿಕ್ ಕಾಯ್ದೆ ಬಂದದ್ದು 1956ರಲ್ಲಿ. ಆಮೇಲೆ ಮುಂಬಯಿ ಅಂಗಡಿಯ ‘ಪಾವ್ ಕಿಲೊ’ ಅಂದ್ರೆ ಸರಿಯಾಗಿ 250 ಗ್ರಾಂ.

ಆದ್ರೆ ಕರ್ನಾಟಕದ ಹಳೇ ಅಡುಗೆಯಲ್ಲಿ ಬರುವ ‘ಒಂದು ಪಾವು ಅಕ್ಕಿ’ ತಕ್ಕಡಿಯದ್ದಲ್ಲ, ಪಾತ್ರೆಯದ್ದು. ಅಳೆಯುವುದು, ತೂಗುವುದಲ್ಲ. ಊರಿಂದೂರಿಗೆ ಕಚ್ಚಾ ಸೇರು, ಪಕ್ಕಾ ಸೇರು ಅಂತ ವ್ಯತ್ಯಾಸ ಬೇರೆ. ಅಂದಾಜಿಗೆ 250 ಮಿಲಿ ಹಿಡಿಯುವ ಪಾತ್ರೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಅಕ್ಕಿ 200 ಗ್ರಾಂ ಚಿಲ್ಲರೆ ಬರ್ತದೆ, ಮೈದಾ 125-130, ಗಟ್ಟಿ ಅವಲಕ್ಕಿ 100ರ ಆಸುಪಾಸು. ಒಂದೇ ಪಾವು, ಮೂರು ತೂಕ.

ಎಲ್ಲಿ ಹಾಳಾಗ್ತದೆ ನೋಡಿ. ಬರೆದದ್ದು: ಪಾವು ಅಕ್ಕಿಗೆ ಎರಡು ಪಾವು ನೀರು. ಇಲ್ಲಿಯವರು ಪಾವ್ ಕಿಲೊ ಅಂದುಕೊಂಡು 250 ಗ್ರಾಂ ಅಕ್ಕಿ ತೂಗ್ತಾರೆ, ಅದು ಪಾತ್ರೆಯಲ್ಲಿ 300 ಮಿಲಿ ಆಗ್ತದೆ. ನೀರು ಮಾತ್ರ 200 ಮಿಲಿಯ ಸ್ಟೀಲ್ ಲೋಟದಲ್ಲಿ ಎರಡು ಸಲ, 400 ಮಿಲಿ. ಒಂದಕ್ಕೆ ಎರಡು ಇರಬೇಕಾದ ನೀರು ಒಂದಕ್ಕೆ ಒಂದೂಕಾಲು ಚಿಲ್ಲರೆಗೆ ಇಳೀತು. ಅಕ್ಕಿ ನಡುವೆ ಗಟ್ಟಿ ಉಳೀತದೆ, ತಳ ಹಿಡೀತದೆ, ಕಡೆಗೆ ಕುಕ್ಕರಿಗೆ ಬೈಗುಳ. ಉಪಾಯ ಒಂದೇ: ಯಾವ ಪಾತ್ರೆಯಾದ್ರೂ ಆಗ್ಲಿ, ಅಕ್ಕಿ, ಬೇಳೆ, ನೀರು ಎಲ್ಲ ಅದೇ ಪಾತ್ರೆಯಲ್ಲಿ. ಊರಿನ ಹಿತ್ತಾಳೆ ಪಾವು ಮನೆಯಲ್ಲಿದ್ರೆ ಅದನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಕಂಠದವರೆಗೆ ನೀರು ತುಂಬಿಸಿ. ಎಷ್ಟು ಗ್ರಾಂ ತೋರಿಸ್ತದೋ ಅಷ್ಟೇ ಮಿಲಿ ಅದರ ಅಳತೆ.

ಮತ್ತೆ, ಪಾವ್ ಯಾರೂ ಕಿಲೊ ಲೆಕ್ಕದಲ್ಲಿ ಕೊಳ್ಳುವುದಿಲ್ಲ. ಆದ್ರೆ ‘ಪಾವ್ ಡಝನ್ ಪಾವ್’ ಅಂದ್ರೆ ಮೂರು ಪಾವ್, ವ್ಯಾಕರಣ ಸರಿಯಾಗೇ ಉಂಟು.

ವಾಸ್ಕೊ ಕನ್ನಡತಿ

ಗೋವಾದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಕೊಂಕಣಿಯಲ್ಲಿ ‘ಪಾವಪ್’ ಅಂದರೆ ತಲುಪುವುದು. ‘ಹಾಂವ್ ಘರಾ ಪಾವಲೊಂ’ ಅಂದರೆ ನಾನು ಮನೆ ಮುಟ್ಟಿದೆ, ಆಡಿದವನು ಗಂಡಸು. ‘ದೇವ್ ಪಾವಲೊ’ ಅಂದರೆ ದೇವರು ಒಲಿದ. ಮಳೆಗೆ ‘ಪಾವಸ್’. ಇವು ಯಾವುವೂ ರೊಟ್ಟಿಗೆ ಸಂಬಂಧಪಟ್ಟವಲ್ಲ.

ಗೋವಾದಲ್ಲಿ ರೊಟ್ಟಿ ಮಾಡುವವನು ‘ಪೊದೇರ್’, ಅದು ಪೋರ್ಚುಗೀಸಿನ ‘ಪಾದೇಯ್ರು’. ರೊಟ್ಟಿಯೂ ರೊಟ್ಟಿ ಸುಡುವವನೂ ಜೋಡಿಯಾಗಿ ಒಂದೇ ಭಾಷೆಯಿಂದ ಬಂದಿರುವಾಗ ಕಾಲಿನ ಕಥೆಗೆ ಜಾಗವೇ ಇಲ್ಲ. ಅವನ ಬುಟ್ಟಿಯಲ್ಲಿರುವುದಕ್ಕೆಲ್ಲ ಪಾವ್ ಅನ್ನಬೇಡಿ, ನಕ್ಕಾರು. ತವುಡು ಸವರಿದ, ಒಳಗೆ ಟೊಳ್ಳಾದ ಚಪ್ಪಟೆ ರೊಟ್ಟಿ ‘ಪೊಯ್’. ಗುಂಡಗೆ, ಮೇಲೆ ಗಟ್ಟಿ ಇರುವುದು ‘ಉಂಡೊ’. ಬಳೆಯಂತಿರುವ ಗರಿಗರಿ ‘ಕಾಂಕಣ್’. ಕತ್ತರಿಯಿಂದ ಕಚ್ಚು ಹಾಕಿದ್ದು ‘ಕಾತ್ರೊ’. ಮೆತ್ತಗೆ ಚೌಕವಾಗಿ ಸಾಲಾಗಿ ಅಂಟಿಕೊಂಡಿರುವುದು ಬರೀ ‘ಪಾವ್’. ಹಿಂದೆ ಹಿಟ್ಟು ಉಬ್ಬಿಸಲು ತೆಂಗಿನ ಸೇಂದಿ ಹಾಕುತ್ತಿದ್ದರು, ಈಗ ಹೆಚ್ಚಾಗಿ ಯೀಸ್ಟ್.

ಪೋರ್ಚುಗೀಸ್ ಕಲಿಯುವವರಿಗೆ ಒಂದು ಎಚ್ಚರಿಕೆ. ಮೂಗಿನಲ್ಲಿ ಆಡಿದರೆ ಅದು ರೊಟ್ಟಿ, ಮೂಗು ಬಿಟ್ಟರೆ ‘ಪಾಉ’, ಅಂದರೆ ಕೋಲು. ಆಡುಮಾತಿನಲ್ಲಿ ಅದಕ್ಕೆ ಬೇರೆ ಅರ್ಥವೂ ಇದೆ, ಅಂಗಡಿಯಲ್ಲಿ ಕೇಳಬಾರದ ಅರ್ಥ. ನಮ್ಮ ಲಿಪಿಯಲ್ಲಿ ‘ಪಾಂವ್’ ಎಂದು ಬರೆದರೆ ಓದುವವರು ‘ಪಾಮ್ವ್’ ಅನ್ನುತ್ತಾರೆ. ಸೊನ್ನೆ ಇಲ್ಲಿ ಮಕಾರವಲ್ಲ, ಆಕಾರವನ್ನೇ ಮೂಗಿನಿಂದ ಹೊರಡಿಸಬೇಕು.

ಕಾಂದಿವಲಿ ಕನ್ನಡ ತರಗತಿ

ಹಾಗಾದರೆ ‘ತಲುಪು’, ‘ಮಳೆ’, ‘ಕಾಲುಭಾಗ’ ಇವೆಲ್ಲ ಮರಾಠಿ, ಕೊಂಕಣಿಯಲ್ಲಿ ‘ಪಾವ’ ಎಂಬ ಒಂದೇ ಸದ್ದಿಗೆ ಬಂದು ಸೇರಿದ್ದು ಹೇಗೆ? ಇಷ್ಟೊಂದು ಕಾಕತಾಳೀಯ ಸಾಧ್ಯವೇ?

ನಿಘಂಟುಪ್ರಿಯ, ಮುಲುಂಡ್

ಕಾಕತಾಳೀಯ ಅನ್ನುವುದಕ್ಕಿಂತ ಸವೆತ ಅನ್ನಿ. ಪ್ರಾಕೃತ ಎರಡು ಕೆಲಸ ಮಾಡಿತು. ಪದದ ಮೊದಲಿನ ‘ಪ್ರ’ವನ್ನು ‘ಪ’ ಮಾಡಿತು, ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ವ್ಯಂಜನವನ್ನು ಮೆತ್ತಗೆ ಮಾಡಿತು ಇಲ್ಲವೇ ತೆಗೆದೇ ಹಾಕಿತು. ಈ ಎರಡು ಸೇರಿದರೆ ಬೇರೆ ಬೇರೆ ಮುಖದ ಪದಗಳೂ ಒಂದೇ ಮುಖದವಾಗುತ್ತವೆ. ಪಾದದಲ್ಲಿ ‘ದ’ ಹೋಯಿತು. ಪ್ರಾಪ್ನೋತಿ ಅಂದರೆ ತಲುಪುತ್ತಾನೆ, ಅದರಲ್ಲಿ ‘ಪ್ರ’ ಸಡಿಲವಾಯಿತು, ಎರಡನೇ ಪಕಾರ ವಕಾರವಾಯಿತು: ಪಾವಇ, ಅದೇ ಮರಾಠಿಯ ಪಾವಣೆ. ಪ್ರಾವೃಷ್ ಎಂಬ ಮಳೆಗಾಲದ ಪದ ಪಾಊಸ್ ಆಯಿತು. ಪ್ರಾಘುಣ ಅಂದರೆ ಅತಿಥಿ, ‘ಘ’ ಬರೀ ಹಕಾರವಾಗಿ ಪಾಹುಣಾ. ಹಳ್ಳಿ ಮರಾಠಿಯಲ್ಲಿ ಆ ಹಕಾರವೂ ಬಿದ್ದು ‘ಪಾವಣಾ’.

ಪರೀಕ್ಷೆಗೆ ಒಂದು ವಾಕ್ಯ: ‘ಪಾವಣೆಪಾಚಲಾ ಪಾವಣೆ ಪಾವಲೆ’, ನಾಲ್ಕೂಮುಕ್ಕಾಲಿಗೆ ನೆಂಟರು ತಲುಪಿದರು. ಪೇಟೆಯ ಮರಾಠಿಗರು ‘ಪಾಹುಣೆ ಆಲೆ’ ಎಂದು ಮುಗಿಸುತ್ತಾರೆ, ಇದು ಹಾಳೆಗೆಂದೇ ಹೆಣೆದ ವಾಕ್ಯ. ಆದರೆ ಮೂರು ‘ಪಾವ’ಗಳಿಗೆ ಮೂರು ಮೂಲ: ಪಾದೋನ, ಪ್ರಾಘುಣ, ಪ್ರಾಪ್ನೋತಿ. ಬೆನ್ನಿಗೇ ಒಂದು ಲಾದಿ ಪಾವ್ ತಂದಿಟ್ಟರೆ ನಾಲ್ಕನೆಯದು ಲಿಸ್ಬನ್ನಿನದು.

ಹುಬ್ಬಳ್ಳಿ ಟು ಹಡಪ್ಸರ್

ಆ ಪ್ರಾಪ್ನೋತಿ ಮನೆತನದ್ದ ‘ಪಾವತಿ’. ಇದರಾಗ ಲೆಕ್ಕಪತ್ರ ಬರೆಯೂ ಮಂದಿ ಹುಷಾರ್ ಇರಬೇಕು. ಮರಾಠಿ ‘ಪಾವತೀ’ ಅಂದ್ರ ರಸೀದಿ, ಹಣ ಮುಟ್ಟಿತು ಅನ್ನೂ ಚೀಟಿ. ಇಂದಿನ ಕನ್ನಡದಾಗ ‘ಪಾವತಿ’ ಅಂದ್ರ ಹಣ ಕೊಡೂದು. ಮುಟ್ಟಿದ್ದು ಅವರ ಅರ್ಥ, ಮುಟ್ಟಿಸಿದ್ದು ನಮ್ಮ ಅರ್ಥ. ಸೊಸೈಟಿ ನೋಟಿಸನ್ನ ಮರಾಠಿಯಿಂದ ಕನ್ನಡಕ್ಕ ತರುವಾಗ ‘ಪಾವತೀ ಘ್ಯಾವೀ’ ಅನ್ನೂದನ್ನ ‘ಪಾವತಿ ತಗೊಳ್ರಿ’ ಅಂತ ಬರದರ ಓದಿದವರು ತಮಗ ದುಡ್ಡು ಬರೂದೈತಿ ಅಂತ ಕೌಂಟರಿಗೆ ನಿಲ್ತಾರ. ‘ರಸೀದಿ ಪಡೆಯಿರಿ’ ಅಂತ ಬರೀರಿ. ‘ಪೋಚಪಾವತೀ’ ಅಂದ್ರ ಸ್ವೀಕೃತಿ ಚೀಟಿ, ಅರ್ಜಿ ಕೊಟ್ಟಾಗ ಸಿಕ್ಕಾ ಹೊಡೆದು ಕೊಡೂದು.

ಇನ್ನೊಂದು ಬಲೆ ಐತಿ, ಅದು ಊರಾಗ ಹೊಲ ಇದ್ದವರಿಗೆ. ಕಂದಾಯ ಕಚೇರಿಯ ‘ಪವತಿ ಖಾತೆ’ ಅಥವಾ ‘ಪೌತಿ ಖಾತೆ’ಗೂ ಪಾವತಿಗೂ ಏನೂ ಸಂಬಂಧ ಇಲ್ಲ. ಅದು ಅರಬ್ಬಿ ‘ಫೌತ್’, ಅಂದ್ರ ಸಾವು. ತೀರಿಹೋದವರ ಹೆಸರಿನ ಜಮೀನು ವಾರಸುದಾರರ ಹೆಸರಿಗೆ ಮಾಡೂ ಕೆಲಸ. ಅರ್ಜಿಯೊಳಗ ‘ಪಾವತಿ ಖಾತೆ ಮಾಡಿಕೊಡ್ರಿ’ ಅಂತ ದೀರ್ಘ ಹಾಕಿದ್ರ ಅದು ದುಡ್ಡು ಕಟ್ಟೂ ಖಾತೆ ಆಗಿ ಕೂತೀತು. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಜೋಡಿಸಿ ‘ಪೌತಿ ಖಾತೆ’ ಅಂತಲೇ ಬರೀರಿ. ಕಚೇರಿ ಕಾಗದದಾಗ ಸಾಮಾನ್ಯವಾಗಿ ಕಾಣೂದೂ ಇದ ರೂಪ.

ತಿದ್ದುಪಡಿ

ಬರವಣಿಗೆಯ ತೊಡಕೂ ಒಂದಿದೆ. ಹೋಟೆಲ್ ಫಲಕಗಳಲ್ಲಿ ‘ಪಾವ್ಭಾಜಿ’ ಅಂತ ವಕಾರಕ್ಕೆ ಭಕಾರದ ಒತ್ತು ನೇತುಹಾಕಿರುವುದನ್ನು ನೋಡಿರುತ್ತೀರಿ. ಕನ್ನಡ ಯೂನಿಕೋಡ್‌ನಲ್ಲಿ ವ್ + ಭ ಕೂಡಿದರೆ ತಾನಾಗಿಯೇ ಒತ್ತಕ್ಷರವಾಗುತ್ತದೆ. ನಡುವೆ ಶೂನ್ಯ ಅಗಲದ ಬೇರ್ಪಡಿಕೆ ಅಕ್ಷರ ಹಾಕಿದರೆ ‘ಪಾವ್‌ಭಾಜಿ’ ಎಂದು ಸರಿಯಾಗಿ ನಿಲ್ಲುತ್ತದೆ. ಅದರ ಸಂಕೇತ 200ಸಿ. ‘ಬರಹ’ ತಂತ್ರಾಂಶದ ಲಿಪ್ಯಂತರದಲ್ಲಿ ಕ್ಯಾರೆಟ್ (^) ಚಿಹ್ನೆ ಒತ್ತಿದರೆ ಬರುತ್ತದೆ, ಬೇರೆ ಕೀಲಿಮಣೆಗಳಲ್ಲಿ ಬೇರೆ ಕೀ. ತೊಂದರೆ ಎಂದರೆ ಕಣ್ಣಿಗೆ ಕಾಣದ ಈ ಅಕ್ಷರ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಕೆಲವೊಮ್ಮೆ ಉದುರಿಹೋಗುತ್ತದೆ, ಮುದ್ರಣದಲ್ಲಿ ಮತ್ತೆ ಒತ್ತು ಬಂದು ಕೂರುತ್ತದೆ. ಫಲಕಕ್ಕೆ, ಮೆನುವಿಗೆ ಕೊಡುವಾಗ ‘ಪಾವ್ ಭಾಜಿ’ ಎಂದು ಜಾಗ ಬಿಟ್ಟೇ ಬರೆಯುವುದು ಕ್ಷೇಮ.

ವಿಭಕ್ತಿ ಹಚ್ಚುವಾಗ ಕನ್ನಡ ಆ ಅರ್ಧ ವಕಾರವನ್ನು ಸಹಿಸದೆ ‘ಪಾವು’ ಮಾಡಿಕೊಳ್ಳುತ್ತದೆ: ಪಾವಿಗೆ ಬೆಣ್ಣೆ, ಪಾವಿನ ಅಳತೆ. ರೊಟ್ಟಿಯೂ ಅಳತೆಯೂ ಇಲ್ಲಿ ಒಂದೇ ರೂಪ. ಅನುವಾದ ಯಂತ್ರಗಳು ತೊಡರುವುದೂ ಇಂಥಲ್ಲೇ. ಗೊಂದಲವಾಗುವ ಕಡೆ ‘ಪಾವ್‌ಗೆ ಬೆಣ್ಣೆ’, ‘ಒಂದು ಪಾವಿನಷ್ಟು ಅಕ್ಕಿ’ ಎಂದು ಬಿಡಿಸಿ ಬರೆಯಿರಿ.

ಮೀರಾ ರೋಡ್ ಮಾಸ್ತರು

ಇಂಗ್ಲಿಷಿನಲ್ಲಿ ಪ್ರಾಣಿಯ ಪಂಜಕ್ಕೆ ‘ಪಾ’ ಅನ್ನುತ್ತಾರೆ, ಬರೆಯುವಾಗ ಕೊನೆಗೆ ವಕಾರವೂ ಇದೆ. ಹಿಂದಿ ಪಾಂವ್‌ಗೆ ಅದೇ ಅಲ್ಲವೇ ಮೂಲ? ಸಿಂಗಾಪುರದಲ್ಲಿ ಹಬೆಯಲ್ಲಿ ಬೇಯಿಸಿದ ಬನ್ನಿಗೂ ‘ಪಾವ್’ ಅನ್ನುತ್ತಾರೆ. ಅದಂತೂ ಪೋರ್ಚುಗೀಸರೇ ಕೊಟ್ಟದ್ದಿರಬೇಕು.

ನಿಘಂಟುಪ್ರಿಯ, ಮುಲುಂಡ್

ಎರಡೂ ಅಲ್ಲ ಸರ್. ಇಂಗ್ಲಿಷಿನ ಪಂಜ ಹಳೇ ಫ್ರೆಂಚಿನಿಂದ ಬಂದದ್ದು. ನಮ್ಮ ಪಾದದ ನಿಜವಾದ ದಾಯಾದಿ ಇಂಗ್ಲಿಷಿನ ‘ಫುಟ್’. ಕನ್ನಡದಲ್ಲಿ ‘ಪ’ ‘ಹ’ ಆದಂತೆ ಇಂಗ್ಲಿಷ್ ಸೇರಿದ ಜರ್ಮಾನಿಕ್ ಬಳಗದಲ್ಲಿ ಮೊದಲಿನ ‘ಪ’ ‘ಫ’ ಆಯಿತು: ಪಿತೃ-ಫಾದರ್, ಪಂಚ-ಫೈವ್, ಪಾದ-ಫುಟ್. ಸದ್ದು ಹತ್ತಿರವಿರುವುದು ನೆಂಟಸ್ತಿಕೆಗೆ ಸಾಕ್ಷಿಯಲ್ಲ. ಸದ್ದು ಒಂದೇ ಕ್ರಮದಲ್ಲಿ, ಹಲವು ಪದಗಳಲ್ಲಿ ಬದಲಾಗಿದ್ದರೆ ಅದು ಸಾಕ್ಷಿ.

ಮಲಯ, ಸಿಂಗಾಪುರದ ‘ಪಾವ್’ ಚೀನೀ ಪದ, ಹೊಕ್ಕಿಯನ್ ಉಪಭಾಷೆಯದು, ಹೂರಣ ಸುತ್ತಿದ್ದು ಎಂಬ ಅರ್ಥದಿಂದ ಬಂದದ್ದು. ಸದ್ದೂ ಒಂದೇ, ತಿನಿಸೂ ಹತ್ತಿರ ಹತ್ತಿರ, ಆದರೂ ಸಂಬಂಧವಿಲ್ಲ. ಇಡೀ ಪಟ್ಟಿಯಲ್ಲಿ ಜಾಣರನ್ನೂ ಬೀಳಿಸುವುದು ಇದೇ. ಸ್ಲೊವೇನಿಯನ್ ಭಾಷೆಯಲ್ಲಿ ‘ಪಾವ್’ ಅಂದರೆ ನವಿಲು, ಹವಾಯಿಯಲ್ಲಿ ‘ಪಾಉ’ ಅಂದರೆ ಮುಗಿಯಿತು.

ಮಾಟುಂಗಾ ಅಡುಗೆಮನೆ

ಮಕ್ಕಳ ಹಾಳೆಗೆ ಬೇಡ, ದೊಡ್ಡವರಿಗೆ: ಬಾರಿನ ‘ಪವ್ವಾ’ ಕೂಡ ಇದೇ ಕಾಲುಭಾಗ. 750 ಮಿಲಿಯ ಬಾಟ್ಲಿಯ ಕಾಲು 187.5 ಆಗಬೇಕು, ಕೊಡುವುದು 180. ಏಳೂವರೆ ಮಿಲಿ ಯಾರ ಪಾಲಿಗೋ.

ಕಾಂದಿವಲಿ ಕನ್ನಡ ತರಗತಿ

ಹಾಳೆ ಈಗ ಹೀಗಿದೆ. ಪಾದದ ಬಳಗ: ಪಾವ್ ಕಿಲೊ, ಸೇರಿನ ಪಾವು, ಹಿಂದಿಯ ಪಾಂವ್, ಪಾಊಣ್, ಸವ್ವಾ, ಹಾವುಗೆ. ಪ್ರಾಪ್ನೋತಿಯ ಬಳಗ: ದೇವ ಪಾವಲಾ, ಪಾವತಿ. ಒಂಟಿಗಳು: ರೊಟ್ಟಿ, ಹಾವು, ಪಾಊಸ್, ಪಾಹುಣಾ, ಪೌತಿ. ತುಮಕೂರಿನ ಪಾವಗಡವನ್ನು ಹಾವಿನ ಜೊತೆ, ಗುಜರಾತಿನ ಪಾವಾಗಢವನ್ನು ಕಾಲುಭಾಗದ ಜೊತೆ ಇಡಬಹುದೇ? ಹಳೇ ನಾಲ್ಕಾಣೆ ಪಾವಲಿ ಎಲ್ಲಿಗೆ?

ತಿದ್ದುಪಡಿ

ಪಾವಲಿ ಪಾದದ ಬಳಗಕ್ಕೆ, ರೂಪಾಯಿಯ ಕಾಲುಭಾಗ. 25 ಪೈಸೆ ನಾಣ್ಯದ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು, ಹಾಗಾಗಿ ಮಕ್ಕಳಿಗೆ ಚಿತ್ರ ತೋರಿಸಬೇಕಾದೀತು. ಪಾವಗಡ, ಪಾವಾಗಢ ಎರಡನ್ನೂ ತೆಗೆಯಿರಿ. ಊರಿನ ಹೆಸರಿಗೆ ಹೇಳುವ ಕಾರಣಗಳು ಹೆಚ್ಚಾಗಿ ಸ್ಥಳಪುರಾಣ. ಪಾವ್ ರೊಟ್ಟಿಯ ಕಾಲಿನ ಕಥೆಯನ್ನು ಹೊರಗೆ ಹಾಕಿದ ಮೇಲೆ ಅವನ್ನು ಒಳಗೆ ಬಿಟ್ಟುಕೊಳ್ಳುವುದು ಸರಿಯಲ್ಲ. ‘ಪಾಹುಣಾ’ ಪಕ್ಕದಲ್ಲಿ ‘ಪಾವಣಾ’ ರೂಪವನ್ನೂ ಬರೆಯಿರಿ, ಇಲ್ಲದಿದ್ದರೆ ಅದು ಈ ಪಟ್ಟಿಯಲ್ಲಿ ಯಾಕಿದೆ ಎಂದು ಮಕ್ಕಳು ಕೇಳುತ್ತಾರೆ.